ಟಿಬಿ ಅಂದ್ಕೊಂಡು 2 ತಿಂಗಳು ಕಳೆದ್ವಿ

ಹೋದ ವರ್ಷ ಕಾಫಿ ಕೊಯ್ಲಿನ ಟೈಮಲ್ಲಿ ನಮ್ಮ ದೊಡ್ಡಮ್ಮಂಗೆ ಮೂಗು ಕಟ್ಟೋಕೆ ಶುರುವಾಯ್ತು, ಬೆಳಿಗ್ಗೆ ಮೂಗು ತೊಳ್ಕೊಂಡ್ರೆ ರಕ್ತ ಮೆತ್ತಿದ ಹಕ್ಕಳೆ ಬರ್ತಿತ್ತು, ಕಣದ ಧೂಳು, ಮಂಜು, ಅದಕ್ಕೇ ಇರ್ಬೇಕು ಅಂತ ನಾವೆಲ್ಲ ಸುಮ್ನಿದ್ವಿ. ಆಮೇಲೆ ಕಫದಲ್ಲೂ ರಕ್ತ. ಎಕ್ಸ್‌ರೇಲಿ ಕಲೆ ಕಾಣ್ತು, ಕಫದಲ್ಲಿ ಕ್ರಿಮಿ ಸಿಗದಿದ್ರೂ ಟಿಬಿ ಮದ್ದು ಶುರು ಮಾಡಿದ್ರು. 2 ತಿಂಗಳಾದ್ರೂ ಕಮ್ಮಿ ಇಲ್ಲ, ಕಾಲು ಊದ್ಕೊಂಡ ಮೇಲೆ ಯೂರಿನ್ ಟೆಸ್ಟ್ ಮಾಡ್ಸಿದ್ರೆ ಅದ್ರಲ್ಲಿ ಪ್ರೋಟೀನೂ ಇದೆ, ರಕ್ತಾನೂ ಇದೆ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕ್ಬೇಕಾದ ರಕ್ತದ ಕಸ) ಏರ್ಬಿಟ್ಟಿದೆ. ಮೈಸೂರಿಗೆ ಕರ್ಕೊಂಡು ಹೋಗಿ ಆಂಕಾ ಅನ್ನೋ ರಕ್ತದ ಟೆಸ್ಟ್, ಕಿಡ್ನಿ ಬಯಾಪ್ಸಿ (ಕಿಡ್ನಿಯ ಚೂರು ತೆಗೆದು ನೋಡೋದು) ಎಲ್ಲ ಆದ್ಮೇಲೆ ಗೊತ್ತಾಗಿದ್ದು, ಇದು ವ್ಯಾಸ್ಕುಲೈಟಿಸ್, ರಕ್ತನಾಳದ ಉರಿಯೂತ.

ಬೇಲಿಯೇ ಎದ್ದು ಹೊಲ ಮೇಯೋದು ಅಂತಾರಲ್ಲ, ಇದು ಅದೇ. ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣದೊಳಗೆ ಕ್ರಿಮಿ ಕೊಲ್ಲೋಕೆ ಪಿಆರ್3, ಎಂಪಿಒ ಅನ್ನೋ ಕಿಣ್ವ ಇರುತ್ತೆ. ಈ ಕಾಯಿಲೆ ಇರೋರ ಮೈ ಆ ಕಿಣ್ವಗಳ ವಿರುದ್ಧವೇ ಆಂಟಿಬಾಡಿ, ಅಂದ್ರೆ ಕ್ರಿಮಿ ಮೇಲೆ ಬಿಡ್ಬೇಕಾದ ಪ್ರತಿಕಾಯ, ತಯಾರು ಮಾಡುತ್ತೆ, ಅದಕ್ಕೆ ಆಂಕಾ ಅಂತಾರೆ. ಏನೋ ಒಂದು ಸೋಂಕಿನಿಂದ ಕಣ ಚುರುಕಾಗಿ ಕಿಣ್ವ ಹೊರಮೈಗೆ ಬಂದಾಗ ಆಂಕಾ ಹೋಗಿ ಅಂಟ್ಕೊಳ್ಳುತ್ತೆ, ಕಣ ಕೆರಳಿ ತನ್ನ ಹತ್ರ ಇರೋದನ್ನೆಲ್ಲ ಸಣ್ಣ ರಕ್ತನಾಳದ ಗೋಡೆ ಮೇಲೇ ಸುರಿದ್ಬಿಡುತ್ತೆ. ಕಿಡ್ನಿ, ಶ್ವಾಸಕೋಶದಲ್ಲಿ ಕೂದಲಿಗಿಂತ ತೆಳು ನಾಳಗಳೇ ತುಂಬಿರೋದ್ರಿಂದ ಪೆಟ್ಟು ಬೀಳೋದು ಅಲ್ಲಿಗೇ. 1982ರಲ್ಲಿ ಆಸ್ಟ್ರೇಲಿಯಾದ ಡಾಕ್ಟರುಗಳು ಈ ಆಂಟಿಬಾಡಿ ಬಗ್ಗೆ ಮೊದಲು ಬರೆದಿದ್ದು, ಕಿಡ್ನಿ ಕಾಯಿಲೆಯವರ ರಕ್ತದಲ್ಲಿ ನೋಡಿ.

ಹಾಗಂತ ಆಂಕಾ ಪಾಸಿಟಿವ್ ಅಂದ ತಕ್ಷಣ ಗೂಗಲ್ ನೋಡಿ ಹೆದರ್ಬೇಡಿ. ಟಿಬಿಲೂ ಬರ್ಬೋದು, ಹೃದಯದ ಕವಾಟದ ಸೋಂಕಲ್ಲೂ ಬರ್ಬೋದು, ಥೈರಾಯ್ಡಿಗೆ ಕೊಡೋ ಕೆಲವು ಮಾತ್ರೆಯಿಂದ್ಲೂ ಬರ್ಬೋದು. ನೆಗೆಟಿವ್ ಬಂದ್ರೂ ಕಾಯಿಲೆ ಇರೋರಿದ್ದಾರೆ. ಅದಕ್ಕೇ ಬಯಾಪ್ಸಿ ಕೇಳೋದು.

ನನ್ನ ಸಿಟ್ಟೆಲ್ಲ ಆ 2 ತಿಂಗಳ ಮೇಲೆ. ಆಂಕಾ ದುಬಾರಿ ಟೆಸ್ಟ್, ಎಲ್ಲ ಕಡೆ ಆಗಲ್ಲ, ಒಪ್ತೀನಿ. ಆದ್ರೆ ಯೂರಿನ್ ಟೆಸ್ಟಿಗೆ ಮೈಸೂರಿಗೆ ಹೋಗ್ಬೇಕಾ? ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿ ಬೇಕಾದ್ರೂ ಅದೇ ದಿನ ರಿಪೋರ್ಟ್ ಸಿಗುತ್ತೆ. ಮೂಗಲ್ಲಿ ರಕ್ತ, ಕಫದಲ್ಲಿ ರಕ್ತ, ಟಿಬಿ ಕ್ರಿಮಿ ಸಿಕ್ಕಿಲ್ಲ ಅಂದ್ರೆ ದಯವಿಟ್ಟು ಯೂರಿನ್, ಕ್ರಿಯಾಟಿನಿನ್ ಎರಡೂ ಕೇಳಿ ಮಾಡ್ಸಿ, ಡಾಕ್ಟರ್ ಬೈದ್ರೂ ಪರ್ವಾಗಿಲ್ಲ. ಕಿಡ್ನಿ ಒಳಗೊಳಗೇ ಹಾಳಾಗ್ತಾ ಇದ್ರೂ ನೋವೇ ಇರಲ್ಲ.

ಸ್ಟೀರಾಯ್ಡ್, ಆಂಟಿಬಾಡಿ ಮಾಡೋ ಕಣಗಳನ್ನ ತಗ್ಗಿಸೋ ರಿಟುಕ್ಸಿಮ್ಯಾಬ್ ಅನ್ನೋ ಮದ್ದು ಆದ್ಮೇಲೆ ದೊಡ್ಡಮ್ಮಂಗೆ ರಕ್ತ ನಿಂತಿದೆ. ಕ್ರಿಯಾಟಿನಿನ್ ಇಳಿದಿದೆ, ಪೂರ್ತಿ ನಾರ್ಮಲ್ ಆಗಿಲ್ಲ. ಪ್ರತಿ ತಿಂಗಳು ಲ್ಯಾಬಿಂದ ನಾನು ಬರೋದನ್ನೇ ಕಾಯ್ತಾ ಜಗಲಿಲಿ ಕೂತಿರ್ತಾರೆ, ಚಪ್ಪಲಿ ಬಿಡೋಕೂ ಬಿಡದೆ ಕೇಳ್ತಾರೆ, "ಪ್ರೋಟೀನ್ ಎಷ್ಟು ಬಂತು ಮಗಾ?"