ಮೂಟೆಯ ತಳದ ಅಡಿಕೆ

ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿದ ದಿನ ನನಗೆ ರಿಸಲ್ಟ್ ಕಾಯೋ ಹುಡುಗನ ಹಾಗೆ ಎದೆ ಡವಡವ ಅನ್ನುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಮನೆಯಲ್ಲೇ ಆರಿಸಿ ತುಂಬಿರುತ್ತೇವೆ. ಖರೀದಿಗೆ ಬಂದವರು ಅದನ್ನು ನಂಬಬೇಕಲ್ಲ! ಮೂಟೆಯೊಳಗೆ ಮೊಣಕೈವರೆಗೂ ಕೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು, ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿ, ಮುಖದಲ್ಲಿ ಏನೂ ತೋರಿಸದೆ ಮುಂದಿನ ಮೂಟೆಗೆ ಹೋಗುತ್ತಾರೆ.

ಮೊನ್ನೆ ಅಲ್ಲೇ ನಮ್ಮ ವಕೀಲರು ಸಿಕ್ಕರು. ಅವರದೂ ತೋಟ ಇದೆ. ನಮ್ಮ ಬೇಲಿ ಜಗಳದ ಕೇಸು ಅವರ ಹತ್ತಿರವೇ ಇರೋದು, ಎಷ್ಟು ವರ್ಷದಿಂದ ಅಂತ ಕೇಳಬೇಡಿ. ತಲೆ ನರೆತವರೆಲ್ಲ ಹಿರಿಯ ವಕೀಲರು ಅಂದುಕೊಂಡಿದ್ದ ನನಗೆ ಅವರು ನಕ್ಕು ಹೇಳಿದರು, "ಮಾರಾಯ, ಅದು ಹೈಕೋರ್ಟೋ ಸುಪ್ರೀಂ ಕೋರ್ಟೋ ಕೊಡೋ ಪಟ್ಟ. ಸಿಕ್ಕಿದ ಮೇಲೆ ವಕಾಲತ್ತು ಹಾಕೋ ಹಾಗಿಲ್ಲ, ಇನ್ನೊಬ್ಬ ವಕೀಲರನ್ನು ಜೊತೆಗಿಟ್ಟುಕೊಂಡೇ ವಾದ ಮಾಡಬೇಕು."

2017ರಲ್ಲಿ ಸುಪ್ರೀಂ ಕೋರ್ಟ್ ಈ ಪಟ್ಟಕ್ಕೆ 100 ಅಂಕದ ಲೆಕ್ಕ ತಂದಿತಂತೆ. ವಕೀಲಿಕೆಯ ವರ್ಷಗಳಿಗೆ 20, ವಾದಿಸಿದ ಕೇಸಿನ ತೀರ್ಪು ಮತ್ತು ಪುಕ್ಕಟೆ ಸೇವೆ ಇತ್ಯಾದಿಗೆ 40, ಪ್ರಕಟಿಸಿದ ಬರವಣಿಗೆಗೆ 15, ಸಂದರ್ಶನಕ್ಕೆ 25. ವರ್ಷಗಟ್ಟಲೆ ಜಡ್ಜ್ ಎದುರೇ ಮಾತಾಡಿದವರಿಗೆ ಮತ್ತೆ ಸಂದರ್ಶನ! ಬೇಯಿಸಿ ಒಣಗಿಸಿದ ಅಡಿಕೆಯನ್ನು ಎದುರು ಕೂರಿಸಿ "ನಿನ್ನ ಬಗ್ಗೆ ಸ್ವಲ್ಪ ಹೇಳು" ಅಂದ ಹಾಗಾಯ್ತು, ಅಲ್ವಾ? 2023ರಲ್ಲಿ ಬರವಣಿಗೆಯ ಅಂಕ 5ಕ್ಕೆ ಇಳಿಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಅಂಕದ ಪದ್ಧತಿ ಕೈಬಿಟ್ಟಿತು.

ನನಗಂತೂ ಅರ್ಧ ಬೇಜಾರು. ಅಂಕ ಇದ್ದರೆ ಎಲ್ಲಿ ಕಮ್ಮಿ ಆಯ್ತು ಅಂತಾದರೂ ಗೊತ್ತಾಗುತ್ತಿತ್ತು. ಸಿವಿಲ್ ಜಡ್ಜ್ ಆಗೋಕೆ ಪರೀಕ್ಷೆ ಬರೀಬೇಕು, ಈಗ ಮೂರು ವರ್ಷ ವಕೀಲಿಕೆಯೂ ಆಗಿರಬೇಕು. ಹೈಕೋರ್ಟಿಗೆ ನೇರ ಜಡ್ಜ್ ಆಗಿ ಹೋಗೋ ವಕೀಲರಿಗೆ ಪರೀಕ್ಷೆ ಇಲ್ಲ. 1993ರ ತೀರ್ಪಿನಿಂದ ಶುರುವಾದ ಕೊಲಿಜಿಯಂ ಅನ್ನೋ ಕೂಟದ ಹಿರಿಯ ಜಡ್ಜ್‌ಗಳೇ ಹೆಸರು ಆರಿಸುತ್ತಾರೆ. ಅದನ್ನು ಬದಲಾಯಿಸೋಕೆ ಸರ್ಕಾರ ತಂದ ಜಡ್ಜ್ ನೇಮಕದ ಆಯೋಗ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಸರ್ಕಾರದ ಕೈಗೆ ಕೊಡಿ ಅಂತ ನಾನೂ ಹೇಳಲ್ಲ. ಆದರೆ ಮೂಟೆ ಬಿಚ್ಚೋದು ಬಾಗಿಲ ಈಚೆ, ಎಲ್ಲರ ಕಣ್ಣೆದುರು ಇರಲಿ.

ಅಷ್ಟರಲ್ಲಿ ಖರೀದಿಯವರು ವಕೀಲರ ಮೂಟೆಗೆ ಕೈ ಹಾಕಿದರು. ತಳದಿಂದ ಹಿಡಿ ತೆಗೆದು, "ಸ್ವಲ್ಪ ತೇವ ಇದೆಯಲ್ಲ ಸಾರ್" ಅಂದರು. ವಕೀಲರು ಎದ್ದು ನಿಂತರು. ನಮ್ಮ ಕೇಸಿನಲ್ಲಿ ಅವರು ಅಷ್ಟು ಜೋರಾಗಿ ವಾದ ಮಾಡಿದ್ದನ್ನು ನಾನು ಯಾವತ್ತೂ ನೋಡಿಲ್ಲ.