ಬಾಕ್ಸ್ ಫ್ರೀ ಅಂತೆ!

ಅಕ್ಕನ ಮಗ ಇವತ್ತು ಬೆಳಿಗ್ಗೆ ಕಾರಿಗೆ ಹಾಕಿಸಿದ ಹೊಸ ಸಬ್‌ವೂಫರ್, ಅಂದರೆ ಬೇಸ್ (ತಗ್ಗಿನ ಸ್ವರ) ನುಡಿಸುವ ಸ್ಪೀಕರ್, ತೋರಿಸೋಕೆ ಮನೆಗೆ ಬಂದಿದ್ದ. ಡಿಕ್ಕಿ ತೆಗೆದರೆ ಹನ್ನೆರಡು ಇಂಚಿನ ವೂಫರ್, ಸುತ್ತ ನೀಲಿ ಲೈಟು, ಮೇಲೆ ಬೆಳ್ಳಿ ಬಣ್ಣದಲ್ಲಿ 1200 ವ್ಯಾಟ್ಸ್ ಅಂತ ದಪ್ಪ ಅಕ್ಷರ. ವೂಫರ್ರು, ಆಂಪ್ಲಿಫೈಯರ್ರು ಸೇರಿ ಒಂದು ತಿಂಗಳ ಸಂಬಳ ಸುರಿದಿದ್ದಾನೆ. "ಮಾಮ, ಬಾಕ್ಸ್ ಫ್ರೀ ಕೊಟ್ರು!" ಅಂದ. ಹಿಗ್ಗಿ ಹೀರೇಕಾಯಿ ಆಗಿದ್ದ. ನನಗೆ ಪಿತ್ತ ನೆತ್ತಿಗೇರಿತು.

ನನ್ನ ಮರಗೆಲಸದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಇದು ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಫ್ರೀ ಅಂತೆ ಫ್ರೀ! ಬೇಸ್ ಕೊಡೋದರಲ್ಲಿ ಅರ್ಧ ಕೆಲಸ ಬಾಕ್ಸಿನದು. ಅದನ್ನು ಕೊಸರಿಗೆ ಕೊಡೋದು ಅಂದರೆ ವೀಣೆ ಮಾರಿ ಕೊಡವನ್ನು ಕೊಸರಿಗೆ ಕೊಟ್ಟ ಹಾಗೆ. ಬಾಕ್ಸಿಲ್ಲದ ವೂಫರನ್ನು ಒಮ್ಮೆ ಬಾರಿಸಿ ನೋಡಿ. ಕೋನ್ (ವೂಫರ್‌ನ ಮುಂದೆ ಕಾಣುವ, ಅಲುಗಾಡುವ ಬಟ್ಟಲು) ಕುಣಿಯುತ್ತದೆ, ಬೇಸ್ ಇರೋದಿಲ್ಲ. ಕೋನ್ ಮುಂದೆ ಗಾಳಿಯನ್ನು ತಳ್ಳುವಾಗ ಹಿಂದೆ ಎಳೆಯುತ್ತಿರುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಒಂದನ್ನೊಂದು ನುಂಗಿಬಿಡುತ್ತವೆ. ಬಾಕ್ಸ್ ಇರೋದು ಆ ಹಿಂದಿನ ಅಲೆಯನ್ನು ಹಿಡಿದಿಡೋಕೆ. ಮುಚ್ಚಿದ ಬಾಕ್ಸಾದರೆ ಒಳಗಿನ ಗಾಳಿಯೇ ಸ್ಪ್ರಿಂಗು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಇದೇ ಗಾಳಿಯನ್ನು ನಂಬಿ ಸ್ಪೀಕರ್ ಕಂಪನಿ ಶುರು ಮಾಡಿದ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಸ್ಪೀಕರ್ ಬಾಕ್ಸಿಗೆ ಅಂತ ಹಾಕಿಕೊಟ್ಟ ಲೆಕ್ಕವನ್ನು ರಿಚರ್ಡ್ ಸ್ಮಾಲ್ ಎಪ್ಪತ್ತರ ದಶಕದಲ್ಲಿ ಬೆಳೆಸಿದ. ಇವತ್ತಿಗೂ ಒಳ್ಳೆ ವೂಫರ್ ಜೊತೆ ಬರುವ ಪೇಪರಿನಲ್ಲಿ ಇರೋದು ಅದೇ ಥೀಲ್-ಸ್ಮಾಲ್ ಅಂಕಿಗಳು. ಎಷ್ಟು ಲೀಟರ್ ಬಾಕ್ಸ್ ಬೇಕು ಅಂತ ಅದರಿಂದಲೇ ಗೊತ್ತಾಗೋದು.

"ಆ ಪೇಪರ್ ಎಲ್ಲೋ?"

"ಅಂಗಡೀಲೇ ಬಿಟ್ಟೆ ಮಾಮ. ಏನಿರುತ್ತೆ ಅದ್ರಲ್ಲಿ?"

ಏನಿರುತ್ತೆ ಅಂತೆ!

ಬಾಕ್ಸಿನ ಮೇಲೆ ಬೆರಳಿನ ಗೆಣ್ಣಿನಿಂದ ಕುಟ್ಟಿದೆ. ಡಬಡಬ ಅಂತು. ತೆಳ್ಳನೆಯ ಪಾರ್ಟಿಕಲ್ ಬೋರ್ಡು, ಮೂಲೆಗೆ ಪಿನ್ನು, ಅಲ್ಲಲ್ಲಿ ಗೋಂದಿನ ಬೊಟ್ಟು. ಗಾಳಿ ಎಲ್ಲಿ ಸೋರುತ್ತೆ ನೋಡೋಣ ಅಂತ ದೇವರ ಮನೆಯಿಂದ ಊದುಬತ್ತಿ ತಂದು ಹಚ್ಚಿದೆ. ಅವನಿಗೆ ಬೇಸ್ ಹಾಕು ಅಂದು, ಬತ್ತಿಯನ್ನು ಜೋಡಣೆಯ ಉದ್ದಕ್ಕೂ ಮೆಲ್ಲಗೆ ಹಿಡಿದುಕೊಂಡು ಹೋದೆ. ವೈರ್ ಸಿಕ್ಕಿಸುವ ಟರ್ಮಿನಲ್ ಹತ್ತಿರ ಬಂದಾಗ ಹೊಗೆ ಪುಸ್ ಪುಸ್ ಅಂತ ಪಕ್ಕಕ್ಕೆ ಚಿಮ್ಮಿತು. ಕೆಳಗಿನ ಮೂಲೆಯಲ್ಲೂ ಅಷ್ಟೆ. ಬಾಲ್ಕನಿಯಿಂದ ಹೆಂಡತಿ, "ಏನ್ರೀ, ಕಾರಿಗೆ ಪೂಜೆನಾ?" ಅಂದಳು.

ಇನ್ನೂ ಸಿಟ್ಟು ತರಿಸಿದ್ದು ಆ ಪೋರ್ಟ್ ಪೈಪು, ಅಂದರೆ ಒಳಗಿನ ಗಾಳಿ ಹೊರಗೆ ಆಡೋಕೆ ಬಾಕ್ಸಿಗೆ ಇಟ್ಟ ಕೊಳವೆ. ಹತ್ತು ಇಂಚಿನ ವೂಫರ್‌ಗೂ ಅದೇ ಬಾಕ್ಸು, ಅದೇ ಪೈಪು, ತೂತು ಮಾತ್ರ ಬೇರೆ. ಪೈಪಿನ ಉದ್ದ, ಅಗಲ ಬಾಕ್ಸಿನ ಗಾಳಿಗೆ ಹೊಂದಬೇಕು. ಇಲ್ಲದಿದ್ದರೆ ಒಂದೇ ಸ್ವರ ಗುಯ್ ಅನ್ನುತ್ತದೆ. ಪೋರ್ಟನ್ನು ಹೊಂದಿಸಿದ ಸ್ವರಕ್ಕಿಂತ ಕೆಳಗೆ ಹೋದರೆ ಕೋನ್‌ಗೆ ಹಿಡಿತವೇ ಇರೋದಿಲ್ಲ, ಬಡ್ಕೊಂಡು ಬಡ್ಕೊಂಡು ಹಾಳಾಗುತ್ತದೆ. ಆಮೇಲೆ ಅದೇ ಅಂಗಡಿಗೆ ಹೋಗಿ ಹೊಸ ವೂಫರ್ ತಗೊಳ್ಳಿ. ಬಾಕ್ಸ್ ಮತ್ತೆ ಫ್ರೀ!

ನೀವೇ ಮಾಡಿದರೆ ಕಷ್ಟ ಏನೂ ಇಲ್ಲ, ಗುಣಾಕಾರ ಬಂದರೆ ಸಾಕು. ಹೊರಗಿನಿಂದ 45, 35, 35 ಸೆಂಟಿಮೀಟರ್ ಇರುವ ಬಾಕ್ಸು ಅಂತ ಇಟ್ಟುಕೊಳ್ಳಿ. ಹೊರ ಅಳತೆ 55 ಲೀಟರ್. 18 ಎಂಎಂ ಎಂಡಿಎಫ್‌ನ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ದಪ್ಪವನ್ನು ಎರಡೂ ಕಡೆ ಕಳೆದರೆ ಒಳಗೆ ಉಳಿಯೋದು ಹತ್ತಿರ ಹತ್ತಿರ 41 ಲೀಟರ್. ಕಾಲು ಭಾಗ ಮರವೇ ತಿಂದಿತು! ವೂಫರ್‌ನ ಮ್ಯಾಗ್ನೆಟ್ಟು, ಒಳಗಿನ ಅಡ್ಡಪಟ್ಟಿ ಇನ್ನೂ ಸ್ವಲ್ಪ ತಿನ್ನುತ್ತವೆ. ಹನ್ನೆರಡು ಇಂಚಿನ ಎಷ್ಟೋ ವೂಫರ್‌ಗಳಿಗೆ ಮುಚ್ಚಿದ ಬಾಕ್ಸಾದರೆ ಒಂದು ಘನ ಅಡಿಯ ಆಸುಪಾಸು ಸಾಕು, ಅಂದರೆ ಸುಮಾರು 28 ಲೀಟರ್. ಪೋರ್ಟ್ ಬೇಕಾದರೆ ಅದರ ಎರಡರಷ್ಟು ಜಾಗ ಕೇಳುತ್ತದೆ. ಸಣ್ಣ ಕಾರಿಗೆ ನನ್ನ ಓಟು ಮುಚ್ಚಿದ ಬಾಕ್ಸಿಗೆ. ಅದರಲ್ಲಿ ತೀರಾ ಕೆಳಗಿನ ಬೇಸ್ ಮೆಲ್ಲಗೆ ಇಳಿಯುತ್ತದೆ, ನಿಜ. ಆದರೆ ಗಾಜು ಏರಿಸಿದ ಕಾರಿನೊಳಗೆ ಅದೇ ಬೇಸ್ ತಾನಾಗಿಯೇ ಮೇಲೇಳುತ್ತದೆ. ಲೆಕ್ಕ ಸರಿಹೋಗುತ್ತದೆ.

ಹಲಗೆಯನ್ನು ಪ್ಲೈವುಡ್ ಅಂಗಡಿಯ ಮೆಷಿನ್‌ನಲ್ಲೇ ಕೊಯ್ಸಿ, ಅಂಚು ನೇರ ಬರುತ್ತದೆ. ಅಂಚಿನ ಉದ್ದಕ್ಕೂ ಫೆವಿಕಾಲ್, ಸ್ಕ್ರೂ ಹಾಕುವ ಮೊದಲು ಸಣ್ಣ ತೂತು. ಇಲ್ಲದಿದ್ದರೆ ಎಂಡಿಎಫ್ ಸೀಳುತ್ತದೆ. ಒಳಮೂಲೆಗೆಲ್ಲ ಸಿಲಿಕೋನ್, ಅದರ ಘಾಟು ಹೋಗುವ ತನಕ ವೂಫರ್ ಕೂರಿಸಬೇಡಿ. ಹನ್ನೆರಡು ಇಂಚಿನ ವೂಫರ್ ಅಂತ ಹನ್ನೆರಡು ಇಂಚಿನ ತೂತು ಕೊರೆಯಬೇಡಿ ಮಾರಾಯ್ರೇ, ಸ್ಕ್ರೂ ಹಿಡಿಯೋಕೆ ಮರವೇ ಉಳಿಯೋದಿಲ್ಲ! ಹನ್ನೊಂದು ಇಂಚಿನ ಆಚೀಚೆ ಇರುತ್ತದೆ, ಸರಿಯಾದ ಅಳತೆ ಆ ಪೇಪರಿನಲ್ಲೇ ಇದೆ. ಕೊನೆಗೆ ಬಾಕ್ಸನ್ನು ಡಿಕ್ಕಿಗೆ ಬೋಲ್ಟ್ ಮಾಡಿ. ಇವನದು ಸುಮ್ನೆ ಕೂತಿತ್ತು. ಅಷ್ಟು ಭಾರದ ಪೆಟ್ಟಿಗೆ ಬ್ರೇಕ್ ಹೊಡೆದಾಗ ಎಲ್ಲಿಗೆ ಬರುತ್ತದೆ ಅಂತ ನಾನು ಹೇಳಬೇಕಾ?

"ಕಂಪನಿಯವರೇ ಲೆಕ್ಕ ಹಾಕಿ ವೂಫರ್ ಸಮೇತ ಬಾಕ್ಸ್ ಮಾರ್ತಾರಲ್ಲ" ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕುತ್ತೀರಿ. ಹೌದು, ಚೆನ್ನಾಗಿಯೇ ಇರುತ್ತವೆ. ಆದರೆ ಅವು ಫ್ರೀ ಅಲ್ಲ ಸ್ವಾಮಿ, ಬಾಕ್ಸಿಗೂ ದುಡ್ಡು ಕೊಟ್ಟಿರುತ್ತೀರಿ. "ಗುದ್ದಿದರೆ ಸಾಕು ಬಿಡಿ" ಅನ್ನೋರೂ ಇದ್ದಾರೆ. ಇವನ ಕಾರಿನಲ್ಲಿ ಗುದ್ದುತ್ತಿದ್ದದ್ದು ನಂಬರ್ ಪ್ಲೇಟು. ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿಸಿದೆ. ಒಂದು ಪೆಟ್ಟು ಮುಗಿಯೋ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ. 1200 ವ್ಯಾಟ್ಸ್ ಏನು ಮಾಡುತ್ತೆ ಪಾಪ? ಅದು ಪೀಕ್ ಅಂಕಿ, ಅಂದರೆ ಕ್ಷಣಮಾತ್ರ ತಡೆಯೋದು. ಆರ್‌ಎಂಎಸ್, ಅಂದರೆ ಸತತವಾಗಿ ತಡೆಯೋದು ಎಷ್ಟು ಅಂತ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿರಲಿಲ್ಲ. ಪವರ್ ಎರಡರಷ್ಟು ಮಾಡಿದರೂ ಜಾಸ್ತಿಯಾಗೋದು 3 ಡೆಸಿಬಲ್.

ನಾನೇನು ದೊಡ್ಡ ಸಂಗೀತ ಪಂಡಿತನಲ್ಲ. ಆಫೀಸಿನಿಂದ ಬಂದು ಬೇಸ್‌ಮೆಂಟಿನಲ್ಲಿ ಕಾರ್ ನಿಲ್ಲಿಸಿ, ಗಾಜು ಏರಿಸಿ, ಕಛೇರಿಯ ತನಿ ಆವರ್ತನ (ಮೃದಂಗದವರ ಸರದಿ) ಮುಗಿಯುವವರೆಗೆ ಒಳಗೇ ಕೂತಿರುತ್ತೇನೆ. ಮೃದಂಗದ ಎಡದ ಪೆಟ್ಟು ಎದೆಗೆ ಬಂದು ತಾಕಿದ ಮೇಲೆ ಮನೆ ಸೇರೋದು. ಮೇಲೆ ಹೋಗಿ "ಸಿಕ್ಕಾಪಟ್ಟೆ ಟ್ರಾಫಿಕ್" ಅನ್ನುತ್ತೇನೆ. ಅವಳು ಇದನ್ನು ಓದುತ್ತಾಳೆ ಅಂತ ಗೊತ್ತು. ಓದಲಿ.

ಅರ್ಧ ಶೀಟ್ ಎಂಡಿಎಫ್ ನನ್ನ ಹತ್ತಿರ ಉಳಿದಿದೆ. ಬೆಂಗಳೂರಿನಲ್ಲಿರುವ ಗೆಳೆಯರು ಯಾರಿಗಾದರೂ ಬಾಕ್ಸ್ ಕಟ್ಟೋ ಮನಸ್ಸಿದ್ದರೆ ಭಾನುವಾರ ಬನ್ನಿ. ಕಾರ್ಪೆಟ್ಟು, ಟರ್ಮಿನಲ್ಲು ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಬರುವಾಗ ತನ್ನಿ. ವೂಫರ್‌ನ ಪೇಪರನ್ನೂ ತನ್ನಿ. ಎಷ್ಟು ವ್ಯಾಟ್ಸು ಅಂತ ಮಾತ್ರ ನನಗೆ ಹೇಳಬೇಡಿ.