ಬೈಟ್ ಪಾಯಿಂಟರ್ ಕೇಳಿ ಬೆನ್ನಿಗೆ ಚೂರಿ ಹಾಕಿದ ಡ್ರೈವರ್

ಇದನ್ನ ಹೊರಗೆ ಹಾಕದಿದ್ರೆ ಇವತ್ತು ನಿದ್ದೆ ಬರುವುದಿಲ್ಲ. ಚಿಪ್ ಮಾಡಿದವರೇ ಕೊಟ್ಟ ಫ್ಲ್ಯಾಶ್ ಡ್ರೈವರ್ (ಕರೆಂಟ್ ಹೋದರೂ ಅಳಿಯದ ಮೆಮೊರಿಗೆ ಬರೆಯುವ ಕೋಡ್) ನನ್ನ ನಾಲ್ಕು ದಿನದ ಡೇಟಾ ನುಂಗಿ ಹಾಕಿದೆ.

ನಾನಿರುವುದು ಶಿರಸಿಯಲ್ಲಿ. ಡಬ್ಬಿ ಇಟ್ಟಿದ್ದು ಕುಮಟಾ ಕಡೆ, ಅಘನಾಶಿನಿ ದಂಡೆಯ ಗಜನಿಯಲ್ಲಿ, ಅಂದ್ರೆ ಉಪ್ಪುನೀರು ನುಗ್ಗುವ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗದ್ದೆಯಲ್ಲಿ. ಮೊದಲ ಮಳೆಗೆ ಉಪ್ಪು ಎಷ್ಟು ತೊಳೆದು ಹೋಯ್ತು ಅಂತ ಗೊತ್ತಾದರೆ ಬಿತ್ತನೆಗೆ ಅನುಕೂಲ, ಅದಕ್ಕೇ ನೀರಿನ ಮಟ್ಟ, ಉಪ್ಪು, ಉಷ್ಣತೆ ಅಳೆದು ಮೊಬೈಲ್ ನೆಟ್‌ವರ್ಕ್‌ನಲ್ಲಿ ಕಳಿಸುವ ಡಬ್ಬಿ ಮಾಡಿದ್ದೆ. ನೆಟ್‌ವರ್ಕ್ ಇಲ್ಲದಾಗ ಮಾತ್ರ ಫ್ಲ್ಯಾಶ್‌ಗೆ ಬರೆದಿಡಬೇಕು. ನಮ್ಮ ಕಡೆ ಮೊದಲ ಮಳೆ ಅಂದ್ರೆ ಗೊತ್ತಲ್ಲ, ಕರೆಂಟ್ ಹೋಯ್ತು, ಅದರ ಹಿಂದೆಯೇ ಟವರ್ ಹೋಯ್ತು. ಟವರ್ ಬಂದ ಮೇಲೆ ಗದ್ದೆಯವರ ಫೋನ್: "ತಮಾ, ಮಳೆ ಹೊಯ್ದ ನಾಲ್ಕು ದಿನದ ಲೆಕ್ಕವೇ ಇಲ್ಲವಲ್ಲ?"

ಸುರಿಯುವ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಬೋರ್ಡ್ ಬಿಚ್ಚಿ ತಂದೆ. ನೆಟ್‌ವರ್ಕ್ ಸಿಗದ ಹಾಗೆ ಸಿಮ್ ತೆಗೆದು, ಕೋಡ್ ಎಲ್ಲಿ ಬೀಳುತ್ತದೆ ಅಂತ ತೋರಿಸುವ ಡೀಬಗರ್ ಹಾಕಿ ಕೂತೆ. ಎಂಟು ದಾಖಲೆ (ಒಂದು ಸಲ ಅಳೆದದ್ದು ಒಂದು ದಾಖಲೆ) ಸೇರಿದ ಮೇಲೆ ಒಟ್ಟಿಗೆ ಬರೆಯುವ ಹಾಗೆ ಮಾಡಿದ್ದೆ. ಮೊದಲನೆಯದು ಬರೆಯಿತು. ಎರಡನೆಯದಕ್ಕೆ ಹಾರ್ಡ್‌ಫಾಲ್ಟ್, ಅಂದ್ರೆ ಪ್ರೊಸೆಸರ್ ಅಲ್ಲೇ ಕೈಚೆಲ್ಲಿತು. ಕೋಡ್ ಸಿಕ್ಕಿಬಿದ್ದರೆ ಎಬ್ಬಿಸುವ ವಾಚ್‌ಡಾಗ್ ಟೈಮರ್ ಚಿಪ್ಪನ್ನು ರೀಸೆಟ್ ಮಾಡಿತು. ಮತ್ತೆ ಅದೇ ಕಥೆ.

ನನ್ನ ದಾಖಲೆ 11 ಬೈಟ್. ರ‍್ಯಾಮ್‌ನಲ್ಲಿ ಮೊದಲನೆಯದು 0ಎಕ್ಸ್20000400ರಲ್ಲಿ, ಎರಡನೆಯದು 0ಎಕ್ಸ್2000040ಬಿಯಲ್ಲಿ (ಈ ಹೆಕ್ಸ್ ಲೆಕ್ಕದಲ್ಲಿ ಬಿ ಅಂದ್ರೆ 11). ಡ್ರೈವರ್ ಕೇಳುವುದು ಬೈಟ್ ಪಾಯಿಂಟರ್, ಅಂದ್ರೆ ಯಾವ ವಿಳಾಸವಾದರೂ ನಡೆಯುತ್ತದೆ ಅಂದ ಹಾಗೆ, ಆದರೆ ಒಳಗೆ ಹೋದ ಕೂಡಲೇ ಅದನ್ನ 64 ಬಿಟ್ (ಎಂಟು ಬೈಟ್) ಪಾಯಿಂಟರ್ ಅಂತ ಕಾಸ್ಟ್ ಮಾಡಿ, ಅಂದ್ರೆ ಬಗೆ ಬದಲಿಸಿ, ನೇರ ಓದಿಬಿಡುತ್ತದೆ, ಒಂದು ಚೆಕ್ ಕೂಡ ಇಲ್ಲ. ಚಿಪ್‌ನೊಳಗಿನ ಪ್ರೊಸೆಸರ್ ಕಾರ್ಟೆಕ್ಸ್-ಎಂ0+. ನಾಲ್ಕರಿಂದ ಭಾಗ ಆಗದ ವಿಳಾಸದಿಂದ ನಾಲ್ಕು ಬೈಟ್ ಓದು ಅಂದ್ರೆ ಅಲ್ಲೇ ಫಾಲ್ಟ್ ಹೊಡೆಯುತ್ತದೆ. ಅದೇ ಬಳಗದ ಎಂ3, ಎಂ4ನಲ್ಲಾದರೆ ಅಂಥ ವಿಳಾಸದಿಂದಲೂ ಸಾಮಾನ್ಯ ಓದು ನಡೆದುಹೋಗುತ್ತದೆ. ನಾನು ಮನೆಯಲ್ಲಿ ಟೆಸ್ಟ್ ಮಾಡಿದ್ದು 64 ಬೈಟಿನ ಗ್ಲೋಬಲ್ ಅರೇ ಇಟ್ಟುಕೊಂಡು, ಅದು ತಾನಾಗಿ ಸರಿಯಾದ ವಿಳಾಸದಲ್ಲಿ ಕೂತಿತ್ತು.

ಇಷ್ಟೇ ಆಗಿದ್ರೆ ಸುಮ್ನೆ ಇರುತ್ತಿದ್ದೆನೋ ಏನೋ. ಫ್ಲ್ಯಾಶ್‌ನಲ್ಲಿ ಉಳಿದುಕೊಂಡಿದ್ದ ದಾಖಲೆಗಳನ್ನ ಓದಿ ನೋಡಿದರೆ ಎಲ್ಲದರಲ್ಲೂ ಬ್ಯಾಟರಿ 255, ಉಷ್ಣತೆ ಎಫ್‌ಎಫ್ ಎಫ್‌ಎಫ್, ಅಂದ್ರೆ ಏನೂ ಬರೆಯದ ಖಾಲಿ ಜಾಗ. ಈ ಫ್ಲ್ಯಾಶ್‌ಗೆ ಎಂಟೆಂಟು ಬೈಟ್ ಮಾತ್ರ ಬರೆಯಬಹುದು, ಅದು ಗೊತ್ತಿದ್ದೇ ದಾಖಲೆಗೆ 16 ಬೈಟ್ ಜಾಗ ಕೊಟ್ಟಿದ್ದೆ. ಡ್ರೈವರ್ 11ನ್ನು ಎಂಟರಿಂದ ಭಾಗಿಸಿ, ಎಂಟು ಬೈಟ್ ಬರೆದು, ಉಳಿದ ಮೂರನ್ನು ಬಿಸಾಡಿ, "ಓಕೆ" ಅಂತ ವಾಪಸ್ ಹೇಳಿದೆ! ಬರೆಯದೇ ಬರೆದೆ ಅನ್ನುವುದು ಸುಳ್ಳಲ್ವಾ? ಎರರ್ ಕೊಡು ಮಾರಾಯಾ, ನಾನು ನೋಡಿಕೊಳ್ಳುತ್ತೇನೆ.

ಚಿಪ್ ಮಾಡಿದವರಿಗೆ ಮೇಲ್ ಹಾಕಿದೆ. ಅಲೈನ್‌ಮೆಂಟ್ (ವಿಳಾಸ ಸರಿಯಾಗಿ ಭಾಗ ಆಗುವ ಹಾಗೆ ಇಡುವುದು) ನೋಡಿಕೊಳ್ಳುವುದು ಅಪ್ಲಿಕೇಶನ್ ಬರೆಯುವವರ ಜವಾಬ್ದಾರಿಯಂತೆ. ಹಾಗಿದ್ರೆ ಬೈಟ್ ಪಾಯಿಂಟರ್ ಯಾಕೆ ಕೇಳುತ್ತೀರಿ? ಹೆಡರ್ ಫೈಲ್‌ನಲ್ಲಿ ಹಾಗಂತ ಒಂದು ಸಾಲು ಬರೆಯಲು ಏನು ಕಷ್ಟ? ಎಂಟು ಬೈಟಿನ ಲೋಕಲ್ ವೇರಿಯಬಲ್‌ನಲ್ಲಿ ಎಫ್‌ಎಫ್ ತುಂಬಿ, ಇರುವಷ್ಟು ಬೈಟನ್ನ ಅದರೊಳಗೆ ಮೆಮ್‌ಕಾಪಿ (ನಕಲು) ಮಾಡಿ ಬರೆದರೆ ಎರಡೂ ತೊಂದರೆ ಹೋಗುತ್ತದೆ. ನಾನು ಹಾಗೇ ಮಾಡಿದೆ, ಹತ್ತು ನಿಮಿಷದ ಕೆಲಸ. ಜಿಸಿಸಿ ಕಂಪೈಲರ್‌ನಲ್ಲಿ ಕಾಸ್ಟ್-ಅಲೈನ್ ವಾರ್ನಿಂಗ್ ಹಾಕಿದರೆ ಕಾಸ್ಟ್ ಮಾಡಿದ ಆ ಸಾಲನ್ನೇ ಬೆರಳಿಟ್ಟು ತೋರಿಸುತ್ತದೆ, ಆದರೆ ಹೆಸರಿಗೆ 'ಎಲ್ಲ ವಾರ್ನಿಂಗ್' ಅನ್ನುವ ವಾಲ್ (-Wall) ಆಪ್ಷನ್ ಹಾಕಿದರೂ ಅದು ಬರುವುದಿಲ್ಲ, ಬೇರೆಯಾಗಿ ಹಾಕಬೇಕು. ಡ್ರೈವರ್ ಬರೆದವರು ಒಮ್ಮೆಯಾದರೂ ಹಾಕಿ ನೋಡಬೇಕಿತ್ತು.

ಮೊದಲ ಮಳೆಯ ಲೆಕ್ಕ ಇನ್ನು ಮುಂದಿನ ವರ್ಷಕ್ಕೇ. ಗದ್ದೆಯವರು ಕಾದು ಕಾದು, ಕೊನೆಗೆ ಗದ್ದೆ ನೀರು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಹಾಕಿ ನೋಡಿ ಬಿತ್ತಿದರು.